ಐದು ನಿಮಗೆ, ಪಾಯಿಂಟ್ ಒಂದು ನಮಗೆ

ಮೂರನೇ ಮಹಡಿಯ ರಾಯರಿಗೆ, ಎರಡನೇ ಮಹಡಿಯವಳ ನಮಸ್ಕಾರ.

ನೀವು ಹೋಮ್ ಥಿಯೇಟರ್ ತಂದ ಸುದ್ದಿಯನ್ನು ನಮ್ಮ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ತಿಳಿಸಿದವು. ರಾತ್ರಿ ಹತ್ತೂವರೆಗೆ ನಿಮ್ಮಲ್ಲಿ ಯಾವುದೋ ಟ್ಯಾಂಕರ್ ಸಿಡಿಯಿತು ನೋಡಿ, ತೊಗರಿಬೇಳೆ ಡಬ್ಬಿಯ ಮುಚ್ಚಳ ಝಲ್ಲೆಂದಿತು, ಸಾಸಿವೆ ಡಬ್ಬಿ ಶೆಲ್ಫಿನ ಅಂಚಿನವರೆಗೂ ನಡೆದು ಬಂತು. ಅಭಿನಂದನೆಗಳು.

ಇದು ದೂರಲ್ಲ, ಕನಿಕರ. ಕಂತು ಕಟ್ಟುವವರು ನೀವು, ಬೇಸ್ ಅನುಭವಿಸುತ್ತಿರುವವರು ನಾವು. ನಿಮ್ಮ 5.1ರಲ್ಲಿ ಆ ಐದು ಸ್ಪೀಕರುಗಳ ಸದ್ದು ನಿಮ್ಮ ಪಾಲಿಗೆ, .1 ಎಂಬ ಗುಡುಗು ಅಷ್ಟೂ ನಮ್ಮ ಪಾಲಿಗೆ. ಪುಕ್ಕಟೆ ಉಂಡ ಋಣ ಇಟ್ಟುಕೊಳ್ಳಬಾರದೆಂದು ನಾಲ್ಕು ಮಾತು ಬರೆಯುತ್ತಿದ್ದೇನೆ.

ಗೌರಿ ಹಬ್ಬಕ್ಕೆ ಅರಿಸಿನ ಕುಂಕುಮಕ್ಕೆಂದು ಬಂದಾಗ ಎಲ್ಲ ಕಣ್ಣಾರೆ ಕಂಡೆ. ಸಬ್‌ವೂಫರ್ ಮೂಲೆಯಲ್ಲಿದೆ, ಮೂಲೆ ಸಿಕ್ಕರೆ ಅದರ ಅಬ್ಬರ ಹೆಚ್ಚು. ಸೋಫಾ ಮಾತ್ರ ನಟ್ಟನಡುವೆ. ನಮ್ಮ ನಿಮ್ಮ ಹಾಲ್‌ಗಳ ಅಗಲ 12 ಅಡಿ. ಅಷ್ಟಗಲದ ಕೋಣೆಯಲ್ಲಿ ಸುಮಾರು 47 ಹರ್ಟ್ಸ್‌ನ ಸದ್ದು ಎರಡು ಗೋಡೆಗಳ ನಡುವೆ ಬೇರುಬಿಡುತ್ತದೆ: ಗೋಡೆಯ ಪಕ್ಕ ಭೋರ್ಗರೆತ, ನಡುವೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಕೂತು 'ಬೇಸೇ ಇಲ್ಲವಲ್ಲ' ಎಂದು ಗೇನ್ ತಿರುಗಿಸುತ್ತೀರಿ. ತಿರುಗಿಸಿದ್ದೆಲ್ಲ ಸ್ಲ್ಯಾಬ್ ದಾಟಿ ಕೆಳಗಿಳಿಯುತ್ತದೆ.

ಪರಿಹಾರ ಇದೆ, ಮಂಡಿ ಗಟ್ಟಿಯಿರಬೇಕು. ಸಬ್‌ವೂಫರನ್ನು ಎತ್ತಿ ಸೋಫಾದಲ್ಲಿ ನೀವು ಕೂರುವ ಜಾಗಕ್ಕೆ ಕೂರಿಸಿ. ಬೇಸ್ ಚೆನ್ನಾಗಿರುವ ಹಾಡೊಂದನ್ನು ಹಚ್ಚಿ. ಪಂಚೆ ಎತ್ತಿ ಕಟ್ಟಿಕೊಂಡು ಗೋಡೆಗುಂಟ ಅಂಬೆಗಾಲಿಡಿ. ಎಲ್ಲಿ ಸದ್ದು ಗುಂಯ್‌ಗುಡದೆ, ಸೊರಗದೆ ಒಂದೇ ಸಮ ಕೇಳುತ್ತದೋ ಅಲ್ಲೇ ಪೆಟ್ಟಿಗೆ ಇಡಬೇಕು. ಕುಚೋದ್ಯವಲ್ಲ ರಾಯರೇ, ಈ ವಿದ್ಯೆಯ ಪಂಡಿತರೂ ಹೀಗೆ ಹರಿದಾಡಿದವರೇ. ನಿವೃತ್ತ ಇಂಜಿನಿಯರ ಘನತೆಗೆ ಕುಂದು ಅನ್ನಿಸಿದರೆ ಕಿಟಕಿಯ ಪರದೆ ಎಳೆದುಕೊಳ್ಳಿ.

ಇನ್ನು ಟಿವಿ ಸ್ಟ್ಯಾಂಡಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲೇ ಇರುವ ಆ ಪುಟ್ಟ ಮೈಕು. ಅದನ್ನು ಕೊಟ್ಟಿರುವುದು ನಿಮ್ಮ ಮಗ ಕರೋಕೆ ಹಾಡಲಿ ಎಂದಲ್ಲ. ಕೂತಾಗ ಕಿವಿ ಬರುವ ಎತ್ತರಕ್ಕೆ ಅದನ್ನಿಟ್ಟು, ಫ್ಯಾನು ಆರಿಸಿ, ಕುಕ್ಕರ್ ಕೂಗು ಮುಗಿದ ಮೇಲೆ ಆಂಪ್ಲಿಫೈಯರಿಗೆ ಅಳೆಯಲು ಬಿಡಿ. ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇರಲಿ. ಫೇಸ್ ಗುಂಡಿಯನ್ನು 0ಯಲ್ಲೂ 180ರಲ್ಲೂ ಇಟ್ಟು ಕೇಳಿ, ಬೇಸ್ ತುಂಬಿ ಬಂದದ್ದನ್ನು ಉಳಿಸಿಕೊಳ್ಳಿ.

ಪೊಲೀಸರಿಗೆ ಹೇಳುತ್ತೇನೆಂಬ ಭಯ ಬೇಡ. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಬಡಾವಣೆಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬಲ್, ಸರಿ. ಆದರೆ ಅಳೆಯುವ ಮೀಟರನ್ನು ಮನುಷ್ಯರ ಕಿವಿಗೆ ಹೊಂದಿಸಿದ್ದಾರೆ. 40 ಹರ್ಟ್ಸ್‌ನ ಸದ್ದಿಗೆ ಅದು ಸುಮಾರು 35 ಡೆಸಿಬಲ್ ರಿಯಾಯಿತಿ ಕೊಡುತ್ತದೆ. ನಿಮ್ಮ 75 ಡೆಸಿಬಲ್ ಗುಡುಗು ಸರ್ಕಾರಿ ಲೆಕ್ಕದಲ್ಲಿ ಬರೀ 40. ಕಾನೂನಿನ ಕಣ್ಣಿಗೆ ನೀವು ಪಿಸುಗುಡುತ್ತಿದ್ದೀರಿ. ಡಬ್ಬಿಗಳಿಗೆ ಆ ನಿಯಮ ಓದಿ ಹೇಳಿದೆ, ಅವು ಒಪ್ಪುತ್ತಿಲ್ಲ.

ಬೇಸಿನಿಂದ ನಡುಗಿಸುವುದು ಹೊಸದೇನಲ್ಲ. 1974ರಲ್ಲಿ 'ಅರ್ತ್‌ಕ್ವೇಕ್' ಚಿತ್ರಕ್ಕೆ ಸೆನ್ಸರೌಂಡ್ ಎಂಬ ಏರ್ಪಾಡು ಮಾಡಿ ಅಮೆರಿಕದ ಥಿಯೇಟರುಗಳಲ್ಲಿ ಕುರ್ಚಿ ನಡುಗಿಸಿದರು. ಲಾಸ್ ಏಂಜಲೀಸಿನ ಚೈನೀಸ್ ಥಿಯೇಟರಿನಲ್ಲಿ ಚಾವಣಿಯ ಗಾರೆ ಉದುರಿ ಬಲೆ ಕಟ್ಟಬೇಕಾಯಿತಂತೆ. ನಾವು ಸೊಳ್ಳೆಪರದೆ ಕಟ್ಟಿಕೊಂಡೇ ಮಲಗುವವರು, ಆ ಖರ್ಚು ಉಳಿಯಿತು.

ಅಂಬೆಗಾಲಿಗೆ ಮುಹೂರ್ತ ಸಿಗುವವರೆಗೆ ಒಂದು ಉಪಕಾರವಾಗಲಿ. ಯಾವ ಸಿನಿಮಾ, ಎಷ್ಟು ಗಂಟೆಗೆ ಎಂದು ಮೊದಲೇ ವಾಟ್ಸಾಪ್ ಮಾಡಿ. ಅದೇ ಹೊತ್ತಿಗೆ ನಮ್ಮ ಟಿವಿಯಲ್ಲೂ ಅದೇ ಚಿತ್ರ ಹಾಕಿಕೊಳ್ಳುತ್ತೇವೆ. ಬೇಸ್ ಹೇಗೂ ಬರುತ್ತಿದೆ, ಮಾತು ಮಾತ್ರ ಸಾಲದು.

ಇಂತಿ,
ನಿಮ್ಮ ಬೇಸಿನ ವಾರಸುದಾರಳು