ಜಪಾನೀ ನಂಜಿಕೆಗಳ ಕುಡ್ಲ ಭಾಷ್ಯ

ಪೀಠಿಕೆ

ಗಂಜಿಯ ಬಟ್ಟಲಿನ ಪಕ್ಕದಲ್ಲಿ ಕೂರುವ ವಸ್ತುವಿನ ಬಗ್ಗೆ ನಮ್ಮಲ್ಲಿ ಶಾಸ್ತ್ರಗ್ರಂಥಗಳು ಬಹಳ ಕಡಿಮೆ. ಅನ್ನಕ್ಕೆ ದೇವರಿದ್ದಾರೆ, ಪಾಯಸಕ್ಕೆ ಹಬ್ಬಗಳಿವೆ, ಕೋಳಿ ಸುಕ್ಕಕ್ಕೆ ಕೋಳಿ ಅಂಕವಾದರೂ ಇದೆ. ಉಪ್ಪಿನಕಾಯಿಗೆ ಮಾತ್ರ ಒಂದು ಭರಣಿ, ಒಂದು ಮುಚ್ಚಳ, ಬಾಯಿಗೆ ಕಟ್ಟಿದ ಒಂದು ತುಂಡು ಬಟ್ಟೆ. ಈ ಕೊರತೆಯನ್ನು ನೀಗಿಸಲು, ಮನೆಯಲ್ಲಿ ಯಾರೂ ಕೇಳದಿದ್ದರೂ, ಪ್ರಸ್ತುತ ಪ್ರಬಂಧವನ್ನು ರಚಿಸಲಾಗಿದೆ.

ಶಾಸ್ತ್ರಗ್ರಂಥವೆಂದ ಮೇಲೆ ಅದರ ಅಂಗಗಳನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಸೋಯಾ ಸಾಸ್, ಪೊಂಜು, ಶಿಚಿಮಿ ಮೊದಲಾದ ಜಪಾನೀ ನಂಜಿಕೆಗಳನ್ನು ಕುಡ್ಲದ, ಅಂದರೆ ಮಂಗಳೂರಿನ, ಅಡುಗೆಮನೆಯಲ್ಲಿ ತಯಾರಿಸುವುದು. ಕಾರಣ: ಬೆಂಗಳೂರಿನಲ್ಲಿರುವ ಮಗಳು ರಾಮೆನ್ ತಿಂದು ಬಂದದ್ದು. ಅಧಿಕಾರಿ: ಕುಚ್ಚಲಕ್ಕಿ ಉಂಡು ಬೆಳೆದವರು, ಬೆಳ್ತಿಗೆ ಅನ್ನದವರು ಹೊರಗೆ ಜಗಲಿಯಲ್ಲಿ ಕುಳಿತು ಕೇಳಬಹುದು. ಪ್ರಮಾಣಗಳು ಮೂರು: ಮೂಗು, ನಾಲಗೆ, ಅಜ್ಜಿ. ಮೂರರ ನಡುವೆ ವಿರೋಧ ಬಂದಲ್ಲಿ ಅಜ್ಜಿಯೇ ಪ್ರಬಲ ಪ್ರಮಾಣ. ಪ್ರಯೋಜನವನ್ನು ಫಲಶ್ರುತಿಯಲ್ಲಿ ಹೇಳಲಾಗುವುದು. ಅಲ್ಲಿಯವರೆಗೆ ಓದುಗರು ಎದ್ದು ಹೋಗಬಾರದು.

ನಮ್ಮ ಸಿದ್ಧಾಂತ ಸರಳ. ಜಪಾನೀ ನಂಜಿಕೆಗಳೆಲ್ಲ ಮೂಲತಃ ನಮ್ಮವೇ. ಆಧಾರ ಕೇಳುವವರಿಗೆ 1508ರ ಸುಮಾರಿಗೆ ಮಂಗರಸ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ವನ್ನು ತೋರಿಸುತ್ತೇವೆ. ಅದರಲ್ಲಿ ಸೋಯಾ ಸಾಸಿನ ಪ್ರಸ್ತಾಪವೇ ಇಲ್ಲ. ಮನೆಮನೆಯಲ್ಲೂ ಇದ್ದ ವಸ್ತುವನ್ನು ಯಾವ ಕವಿ ತಾನೇ ಮತ್ತೆ ಬಣ್ಣಿಸುತ್ತಾನೆ? ಮೌನಂ ಸಮ್ಮತಿ ಲಕ್ಷಣಂ.

ಪೂರ್ವಪಕ್ಷ

ಇಲ್ಲಿ ಬಾಟಲಿವಾದಿಗಳು ಆಕ್ಷೇಪಿಸುತ್ತಾರೆ: “ಮೊಬೈಲ್ ಒತ್ತಿದರೆ ಬಾಟಲಿ ಬಾಗಿಲಿಗೆ ಬರುವ ಕಾಲದಲ್ಲಿ ಈ ರಗಳೆ ಎಂತಕ್ಕೆ ಮಾರಾಯ್ರೆ?” ಗಾಡಿವಾದಿಗಳದ್ದು ಇನ್ನೊಂದು ವಾದ. ಅವರ ಪ್ರಕಾರ ಸೋಯಾ ಸಾಸ್ ಎಂದರೆ ಗೋಬಿ ಮಂಚೂರಿ ಗಾಡಿಯಲ್ಲಿ ಮುಚ್ಚಳಕ್ಕೆ ತೂತು ಕೊರೆದ ಬಾಟಲಿಯಿಂದ ಚಿಮ್ಮುವ ಕರಿ ನೀರು. ಅದಕ್ಕಿಂತ ಆಚೆಗೆ ತಿಳಿಯುವುದಕ್ಕೇನೂ ಇಲ್ಲ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಕೆಂಪು ಹೋಯಿತು, ಕಪ್ಪು ಉಳಿಯಿತು. ಆದ್ದರಿಂದ ಕಪ್ಪೇ ಶಾಶ್ವತ ಎಂಬುದು ಇವರ ತೀರ್ಮಾನ.

ಗಾಡಿವಾದಿಗಳಿಗೆ ಉತ್ತರ: ಕಪ್ಪಾದದ್ದೆಲ್ಲ ಮಾಗಿದ್ದಲ್ಲ. ಅಗ್ಗದ ಸಾಸಿನಲ್ಲಿ ಸೋಯಾದ ಹಿಂಡಿಯನ್ನು ಆಮ್ಲದಲ್ಲಿ ಕುದಿಸಿ, ಕ್ಯಾರಮೆಲ್ ಬಣ್ಣ ಕೂಡಿಸಿ, ಕೆಲವೇ ದಿನಗಳಲ್ಲಿ ಕೆಲಸ ಮುಗಿಸುವುದುಂಟು. ಹುದುಗಿಸಿದ ಸಾಸಿಗೆ ತಿಂಗಳುಗಳು ಬೇಕು. ಬಾಟಲಿವಾದಿಗಳಿಗೆ ಉತ್ತರ ಐದನೆಯ ಸೂತ್ರದಲ್ಲಿದೆ.

ಒಂದನೆಯ ಸೂತ್ರ: ಉಪ್ಪು ಮೊದಲು, ಕಾಲ ಆಮೇಲೆ, ಅತ್ತೆ ಸದಾ

ಭಾಷ್ಯ: ಶೋಯು ಎಂಬ ಜಪಾನೀ ಸೋಯಾ ಸಾಸಿಗೆ ಬೇಯಿಸಿದ ಸೋಯಾಕಾಳು ಮತ್ತು ಹುರಿದು ಒಡೆದ ಗೋಧಿ ಹೆಚ್ಚುಕಡಿಮೆ ಸಮಸಮ ಬೇಕು. ಇವೆರಡರ ಮೇಲೆ ಕೋಜಿ ಎಂಬ ಬೂಷ್ಟನ್ನು ಮೂರು ದಿನ ಬೆಳೆಸಿ, ಗಟ್ಟಿ ಉಪ್ಪುನೀರಿನಲ್ಲಿ ಮುಳುಗಿಸಿ, ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಇಟ್ಟು, ಆಮೇಲೆ ಹಿಂಡಿ ಕಾಯಿಸುತ್ತಾರೆ. ಟೋಕಿಯೊ ಸಮೀಪದ ನೋದಾ ಊರು ಇದಕ್ಕೆ ಪ್ರಸಿದ್ಧ. ಅಲ್ಲಿನ ಮೋಗಿ, ತಕಾನಾಶಿ ಮೊದಲಾದ ಮನೆತನಗಳು 1917ರಲ್ಲಿ ಒಂದೇ ಕಂಪನಿಯಾಗಿ ಕೂಡಿಕೊಂಡವು. ಇಂದಿನ ಕಿಕ್ಕೊಮಾನ್ ಅದರ ಸಂತಾನ. ಅಷ್ಟು ಮನೆತನಗಳು ಜಗಳವಿಲ್ಲದೆ ಒಂದೇ ಭರಣಿಗೆ ಕೈ ಹಾಕಿದ್ದನ್ನು ತುಳುನಾಡಿನ ಯಾವ ಕೂಡುಕುಟುಂಬವೂ ನಂಬಲಾರದು.

ಉಪ್ಪು ಮತ್ತು ಕಾಲದ ಈ ಒಪ್ಪಂದವನ್ನು ನಾವು ಮಾವಿನ ಮಿಡಿಯ ಮೇಲೆ ಮಾಡಿದ್ದೇವೆ, ಅವರು ಉಮೆ ಎಂಬ ಹಣ್ಣಿನ ಮೇಲೆ. ಉಮೆಯನ್ನು ಜೂನ್ ಮಳೆಯ ಹೊತ್ತಿಗೆ ಉಪ್ಪಿನಲ್ಲಿ ಹಾಕಿ, ಮಳೆ ನಿಂತ ಮೇಲೆ ಬಿಸಿಲಿಗೆ ಒಣಗಿಸಿದರೆ ಅದು ಉಮೆಬೊಶಿ. ಕುಡ್ಲದವರು ಜೂನ್ ಮಳೆ ನಿಲ್ಲುವುದನ್ನು ಕಾಯುತ್ತ ಕೂತರೆ ದೀಪಾವಳಿಯೇ ಬಂದೀತು. ಹಾಗಾಗಿ ಮಾವು, ಹಲಸಿನ ಸೊಳೆ ಎಲ್ಲವೂ ಬೇಸಿಗೆಯ ಕೊನೆಗೆ ಬರುವ ಪತ್ತನಾಜೆಯ ಆಸುಪಾಸಿನಲ್ಲೇ ಉಪ್ಪಿಗೆ ಬಿದ್ದು, ಭರಣಿಯ ಬಾಯಿ ಕಟ್ಟಿಸಿಕೊಳ್ಳುತ್ತವೆ. ಮೈ ಹುಷಾರಿಲ್ಲದ ಜಪಾನಿಗರು ಒಕಾಯು ಎಂಬ ಗಂಜಿಗೆ ಉಮೆಬೊಶಿ ನಂಜಿಕೊಳ್ಳುತ್ತಾರೆ. ನಾವು ಮೈ ಹುಷಾರಿದ್ದರೂ ಗಂಜಿಗೆ ಮಿಡಿ ನಂಜಿಕೊಳ್ಳುತ್ತೇವೆ. ನಮ್ಮ ಸಂಸ್ಕೃತಿ ಮೇಲೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸೂತ್ರದ ಮೂರನೆಯ ಪದ ಪ್ರಕ್ಷಿಪ್ತವೆಂದು ಕೆಲವು ಸೊಸೆಯಂದಿರು ವಾದಿಸುತ್ತಾರೆ. ಹಾಗಲ್ಲ. ಭರಣಿಗೆ ಒದ್ದೆ ಸೌಟು ಇಳಿಯದಂತೆ ಆರು ತಿಂಗಳು ಕಾವಲಿರುವವರು ಯಾರು? ಜಪಾನಿನಲ್ಲಿ ಸಾಕೆ ಎಂಬ ಅಕ್ಕಿಮದ್ಯ ಹುದುಗಿಸುವ ಕೆಲಸದವರು ಆ ಋತುವಿಡೀ ನಾತ್ತೊ ಎಂಬ ಲೋಳೆಲೋಳೆ ಸೋಯಾ ತಿನ್ನುವುದಿಲ್ಲ. ಅದರ ಬ್ಯಾಕ್ಟೀರಿಯಾ ಕೋಜಿಗೆ ಹತ್ತಿದರೆ ಎಲ್ಲ ಕೆಟ್ಟಿತು. ಇದನ್ನು ಅವರು ನೈರ್ಮಲ್ಯವೆಂದು ಕರೆದರು, ಜಗತ್ತು ತಲೆದೂಗಿತು. ಅತ್ತೆ ಮಡಿ ಎಂದು ಕರೆದರು, ಮನೆಯಲ್ಲಿ ಜಗಳವಾಯಿತು.

ಎರಡನೆಯ ಸೂತ್ರ: ಎಲ್ಲ ಬೂಷ್ಟೂ ಕೋಜಿಯಲ್ಲ

ಭಾಷ್ಯ: ಈ ಸೂತ್ರ ಮಳೆಗಾಲದ ಆಟಿ ತಿಂಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಆ ತಿಂಗಳಲ್ಲಿ ಮಂಗಳೂರಿನ ಚಪ್ಪಲಿ, ಬೆಲ್ಟು, ಕಪಾಟಿನೊಳಗಿನ ಮದುವೆಯ ಕೋಟು, ಗೋಡೆಯ ಮೇಲಿನ ಅಜ್ಜನ ಫೋಟೋ ಎಲ್ಲಕ್ಕೂ ಸಮಾನವಾಗಿ ಬೂಷ್ಟು ಬರುತ್ತದೆ. ಕೋಜಿಗೆ ಬೇಕಾದದ್ದು ಮೂವತ್ತರ ಮೇಲಿನ ಸೆಕೆ ಮತ್ತು ಒದ್ದೆ ಗಾಳಿ. ಎರಡೂ ಇಲ್ಲಿ ಪುಕ್ಕಟೆ ಎಂದ ಮೇಲೆ ಇಡೀ ನಗರವೇ ಒಂದು ಕೋಜಿ ಕೋಣೆಯಲ್ಲವೇ ಎಂದು ನವೀನರು ಹಿಗ್ಗುತ್ತಾರೆ.

ಇದು ಅಪಾಯದ ಹಿಗ್ಗು. ಕೋಜಿ ಎಂಬುದು ಆಸ್ಪರ್ಜಿಲಸ್ ಒರೈಜೆ. ಶತಮಾನಗಳ ಕಾಲ ಮನುಷ್ಯರ ಮನೆಯಲ್ಲಿ ಪಳಗಿದ ಸಾಧು ಜೀವಿ. ಅದರ ದಾಯಾದಿ ಆಸ್ಪರ್ಜಿಲಸ್ ಫ್ಲೇವಸ್. ನೋಡಲು ಒಂದೇ ಮೋರೆ, ಒಂದೇ ಹಸಿರು ಅಂಗಿ, ಆದರೆ ಒಳಗೆ ಅಫ್ಲಾಟಾಕ್ಸಿನ್ ಎಂಬ, ಪಿತ್ತಜನಕಾಂಗವನ್ನು ಹಾಳುಗೆಡಹುವ ವಿಷ. ಆಸ್ತಿ ಪಾಲಿನ ಕಚೇರಿಯಲ್ಲಿ ಮೋರೆ ನೋಡಿ ಹಕ್ಕು ಕೊಡುವುದಿಲ್ಲ, ಅಡುಗೆಮನೆಯಲ್ಲೂ ಕೊಡಬಾರದು. ತಾನಾಗಿ ಬಂದ ಬೂಷ್ಟನ್ನು ತಿಪ್ಪೆಗೆ ಎಸೆದು, ಗೊತ್ತಿದ್ದವರಿಂದ ಕೋಜಿಯ ಬೀಜ ತರಿಸಿಕೊಳ್ಳುವುದೇ ಶಿಷ್ಟಾಚಾರ. ಅಕ್ಕಿಯ ಮೇಲೆ ಬೆಳೆಸುವುದಾದರೆ ಅದನ್ನು ನೆನೆಸಿ, ಅನ್ನ ಮಾಡದೆ ಹಬೆಯಲ್ಲಿ ಬೇಯಿಸಿ, ಮೈಬೆಚ್ಚಗೆ ಆರಿದ ಮೇಲೆ ಬೀಜ ಉದುರಿಸಿ, ಒದ್ದೆ ಬಟ್ಟೆ ಮುಚ್ಚಿ ಎರಡು ದಿನ ಕಾಯಬೇಕು. ನಡುವೆ ಅದು ತಾನೇ ಬಿಸಿಯಾಗುತ್ತದೆ. ನಲವತ್ತು ಡಿಗ್ರಿ ದಾಟದಂತೆ ಕೈಯಾಡಿಸುತ್ತಿರಬೇಕು. ಕೊನೆಗೆ ಬಿಳಿ ನೂಲಿನಂತೆ ಹೆಣೆದುಕೊಂಡು, ಸಿಹಿ ಪರಿಮಳ ಬಂದರೆ ಗೆದ್ದಂತೆ. ಕುಚ್ಚಲಕ್ಕಿಯ ಮೈ ಗಟ್ಟಿ. ಇದಕ್ಕೆ ಬೆಳ್ತಿಗೆಯೇ ಸಲೀಸು. ಪೀಠಿಕೆಯಲ್ಲಿ ಜಗಲಿಯಲ್ಲಿ ಕೂರಿಸಿದವರನ್ನು ಈಗ ಮರ್ಯಾದೆಯಿಂದ ಒಳಗೆ ಕರೆಯತಕ್ಕದ್ದು.

2006ರಲ್ಲಿ ಜಪಾನಿನ ಬ್ರೂಯಿಂಗ್ ಸೊಸೈಟಿ ಕೋಜಿಯನ್ನು ರಾಷ್ಟ್ರೀಯ ಶಿಲೀಂಧ್ರವೆಂದು ಸಾರಿತು. ಕರ್ನಾಟಕಕ್ಕೆ ರಾಜ್ಯಪಕ್ಷಿಯಿದೆ, ರಾಜ್ಯವೃಕ್ಷವಿದೆ, ರಾಜ್ಯ ಬೂಷ್ಟು ಇಲ್ಲ. ಅಜ್ಜನ ಫೋಟೋದ ಮೇಲಿನದನ್ನು ಅಭ್ಯರ್ಥಿಯಾಗಿ ಪರಿಗಣಿಸಬೇಕೆಂದು ನಮ್ಮ ಪಂಥ ಒತ್ತಾಯಿಸುತ್ತದೆ.

ಮೂರನೆಯ ಸೂತ್ರ: ಮೀನು ಮರವಾದಾಗ ಸಾರು ಹುಟ್ಟುತ್ತದೆ

ಭಾಷ್ಯ: ಜಪಾನೀ ಸಾಸುಗಳ ಬುಡದಲ್ಲಿರುವುದು ದಾಶಿ ಎಂಬ ತಿಳಿಸಾರು. ಅದಕ್ಕೆ ಕೊಂಬು ಎಂಬ ಕಡಲಪಾಚಿ ಬೇಕು, ಕಟ್ಸುವೊಬುಶಿ ಎಂಬ ಒಣಮೀನು ಬೇಕು. 1908ರಲ್ಲಿ ಕಿಕುನಾಯೆ ಇಕೆದಾ ಎಂಬ ರಸಾಯನಶಾಸ್ತ್ರಜ್ಞರು ಕೊಂಬುವಿನಿಂದ ಗ್ಲುಟಮೇಟ್ ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಮರುವರ್ಷವೇ ಅದು ಅಜಿನೊಮೊಟೊ ಆಗಿ ಪೇಟೆಗೆ ಬಂತು. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊದಾಮಾ ಒಣಮೀನಿನಲ್ಲಿ ಇನೊಸಿನೇಟ್ ಕಂಡುಹಿಡಿದರು. ಇವೆರಡು ಕೂಡಿದರೆ ರುಚಿ ಕೂಡುವುದಿಲ್ಲ, ಗುಣಿಸುತ್ತದೆ.

ಕೊಂಬು ತಣ್ಣನೆಯ ಕಡಲಿನ ಬೆಳೆ. ಪಣಂಬೂರಿನಲ್ಲಿ ಹುಡುಕಿ ಫಲವಿಲ್ಲ. ಟೊಮೆಟೊದಲ್ಲಿ ಗ್ಲುಟಮೇಟ್ ಬೇಕಾದಷ್ಟಿದೆ, ಒಣಗಿಸಿದರೆ ಇನ್ನೂ ಗಾಢ, ಅದರಿಂದ ಸುಧಾರಿಸಬಹುದು. ಕಟ್ಸುವೊಬುಶಿಗೆ ಮಾತ್ರ ಪರದೇಶಕ್ಕೆ ಮೊರೆ ಹೋಗಬೇಕಿಲ್ಲ. ನಮ್ಮ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ಸಿಮೆಂಟು ಹೋಗುತ್ತವೆ. ಆ ಕಡೆಯ ಮಿನಿಕಾಯ್ ದ್ವೀಪದಲ್ಲಿ ಅದೇ ಜಾತಿಯ ಚೂರೆ ಮೀನನ್ನು ಸೀಳಿ, ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿ ಮಾಸ್‌ಮೀನು ಮಾಡುತ್ತಾರೆ. ಒಂದು ತುಂಡು ಕೈಗೆತ್ತಿಕೊಳ್ಳಿ. ಹೊರಗೆ ಕರಿ, ಒಳಗೆ ಗಾಢ ಕೆಂಪು. ಎರಡು ತುಂಡುಗಳನ್ನು ಬಡಿದರೆ ಚಂಡೆಯ ಕೋಲಿನ ಸದ್ದು. ಚೂರಿ ಜಾರುತ್ತದೆ. ತುಂಡನ್ನು ಅಡ್ಡ ಹಿಡಿದು, ಗಾಜಿನ ಚೂರಿನಿಂದಲೋ ಬಡಗಿಯ ಕೀಸುಳಿಯಿಂದಲೋ ಹೆರೆದರೆ ತೆಳ್ಳಗಿನ ಸುರುಳಿ ಸುರುಳಿ ಬರುತ್ತದೆ. ಕುದಿನೀರು ಒಲೆಯಿಂದ ಇಳಿಸಿದ ಮೇಲೆ ಒಂದು ಹಿಡಿ ಹಾಕಿ, ಸುರುಳಿ ತಳಕ್ಕಿಳಿಯುತ್ತಲೇ ಸೋಸಬೇಕು. ಬೆಕ್ಕು ಅಷ್ಟರಲ್ಲಿ ಬಂದಿರುತ್ತದೆ. ಪಕ್ಕದ ಫ್ಲ್ಯಾಟಿನವರು ಸ್ವಲ್ಪ ತಡವಾಗಿ ಬರುತ್ತಾರೆ.

ಇತಿಹಾಸವೂ ನಮ್ಮ ಕಡೆಗೇ ಇದೆ. 1342ರ ಸುಮಾರಿಗೆ ಮಂಗಳೂರಿಗೆ ಬಂದುಹೋದ ಇಬ್ನ್ ಬತೂತ, ಮುಂದೆ ಮಾಲ್ಡೀವ್ಸಿನಲ್ಲಿ ಈ ಮೀನನ್ನು ಬೇಯಿಸಿ ಹೊಗೆಗಿಡುವ ಕ್ರಮವನ್ನು ಬರೆದಿಟ್ಟ; ಅದು ಹಿಂದೂಸ್ಥಾನ, ಚೀನಾ, ಯೆಮೆನ್‌ಗಳಿಗೆ ಹೋಗುತ್ತಿತ್ತೆಂದೂ ಹೇಳಿದ. ಜಪಾನಿನಲ್ಲಿ ಹೊಗೆ ಹಾಕುವ ವಿಧಾನ ನೆಲೆಗೊಂಡದ್ದು 17ನೆಯ ಶತಮಾನದ ಕೊನೆಗೆ. ಅಮಿನಿ, ಕಡಮತ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇತಿ ಸಿದ್ಧಮ್. ಮಿನಿಕಾಯ್ ಮಾತ್ರ ಮಲಬಾರಿನ ಲೆಕ್ಕದಲ್ಲಿತ್ತು ಎಂಬ ಸಂಗತಿಯನ್ನು ನಮ್ಮ ಪಂಥ ಬಲು ಸಣ್ಣ ಅಕ್ಷರದಲ್ಲಿ ಒಪ್ಪುತ್ತದೆ.

ನಾಲ್ಕನೆಯ ಸೂತ್ರ: ಮೂಗಿಗೆ ಏರಿದ್ದೇ ವಾಸಾಬಿ

ಭಾಷ್ಯ: ನಿಜವಾದ ವಾಸಾಬಿ ತಣ್ಣನೆಯ ತೊರೆಯಲ್ಲಿ ಬೆಳೆಯುವ ದುಬಾರಿ ಗಿಡ. ಲೋಕದಲ್ಲಿ ವಾಸಾಬಿ ಎಂದು ಬಡಿಸುವ ಹಸಿರು ಮುದ್ದೆ ಬಹುಪಾಲು ಹಾರ್ಸ್‌ರ್ಯಾಡಿಶ್ ಬೇರು, ಸಾಸಿವೆ ಮತ್ತು ಬಣ್ಣ. ನೆತ್ತಿಗೇರುವ ಘಾಟಿಗೆ ಕಾರಣ ಆಲೈಲ್ ಐಸೊಥಯೊಸಯನೇಟ್. ನಮ್ಮ ಸಾಸಿವೆಯನ್ನು ಹಸಿಯಾಗಿ ಅರೆದಾಗ ಹುಟ್ಟುವುದೂ ಅದೇ. ತಣ್ಣೀರಿನಲ್ಲಿ ಅರೆದು ಹತ್ತು ನಿಮಿಷ ಮುಚ್ಚಿಡಬೇಕು. ಬಿಸಿನೀರು ಹಾಕಿದರೆ ಘಾಟು ಹುಟ್ಟಿಸುವ ಕಿಣ್ವವೇ ಸತ್ತುಹೋಗುತ್ತದೆ. ಮಾವಿನಹಣ್ಣಿನ ಸಾಸಿವೆಗೆ ಅರೆಯುವಾಗ ಕಣ್ಣೀರು ಸುರಿಸಿದ ಎಲ್ಲ ತಾಯಂದಿರೂ ಸುಶಿ ಪಂಡಿತರೇ.

ಹಾಗೆಯೇ ಶಿಚಿಮಿ. ಇಂದಿನ ಟೋಕಿಯೊ ಆದ ಎದೊ ನಗರದಲ್ಲಿ 1625ರಿಂದ ಮಾರಾಟವಾಗುತ್ತ ಬಂದ ಏಳು ಬಗೆಯ ಪುಡಿ. ಮೆಣಸು, ಕಿತ್ತಳೆ ಜಾತಿಯ ಒಣಸಿಪ್ಪೆ, ಎಳ್ಳು, ಗಸಗಸೆ, ಕಡಲಪಾಚಿ ಇತ್ಯಾದಿಗಳ ನಡುವೆ ಸಾನ್ಶೊ ಎಂಬ, ನಾಲಗೆ ಜುಮ್ಮೆನ್ನಿಸುವ ಕಾಯಿ. ಅದರ ಸೋದರಿ ನಮ್ಮ ಜುಮ್ಮನಕಾಯಿ. ಕೊಂಕಣಿ ಮನೆಗಳ ತೆಪ್ಪಾಲ್. ಎರಡೂ ಒಂದೇ ಕುಲ, ಜ್ಯಾಂಥೊಕ್ಸೈಲಮ್. ಬೀಜ ಬಿಟ್ಟು ಸಿಪ್ಪೆಯನ್ನು ಮಾತ್ರ ಬೆಚ್ಚಗೆ ಮಾಡಿ, ಬ್ಯಾಡಗಿ ಮೆಣಸು, ಎಳ್ಳು, ಗಸಗಸೆ, ಒಣಶುಂಠಿ, ಒಣಗಿದ ಹೇರಳೆ ಸಿಪ್ಪೆ ಕೂಡಿಸಿ ಪುಡಿ ಮಾಡಿದರೆ ಆರು ಆಯಿತು. ಏಳನೆಯದಾಗಿ ಒಣ ಎಟ್ಟಿ, ಅಂದರೆ ಸೀಗಡಿ, ಹಾಕಬೇಕೆಂದು ಮೀನು ಇಳಿಸುವ ಧಕ್ಕೆಯ ಸಂಪ್ರದಾಯದವರು, ಹಾಕಕೂಡದೆಂದು ರಥಬೀದಿಯ ಮಠ ಸಂಪ್ರದಾಯದವರು. ಈ ವಿವಾದ ಇತ್ಯರ್ಥವಾಗುವ ಲಕ್ಷಣವಿಲ್ಲ. ಆದ್ದರಿಂದ ಮಂಗಳೂರಿನಲ್ಲಿ ಶಿಚಿಮಿ ಆರೂವರೆ ಬಗೆಯದು ಎಂದು ತಿಳಿಯತಕ್ಕದ್ದು.

ಐದನೆಯ ಸೂತ್ರ: ಅಂಗಳದಲ್ಲಿ ಬಿದ್ದದ್ದಕ್ಕೆ ಬೆಲೆಯಿಲ್ಲ

ಭಾಷ್ಯ: ಇದೇ ಶಾಸ್ತ್ರದ ತಿರುಳು. ಪೊಂಜು ಎಂದರೆ ಸೋಯಾ ಸಾಸ್, ಹುಳಿರಸ, ಒಣಮೀನಿನ ಸಾರ, ಅಷ್ಟೇ. ಒಂದು ಲೋಟ ಸೋಯಾಕ್ಕೆ ಮುಕ್ಕಾಲು ಲೋಟ ಹುಳಿರಸ, ಒಂದು ಹಿಡಿ ಮಾಸ್‌ಮೀನಿನ ಹೆರೆ, ಮಿರಿನ್ ಎಂಬ ಸಿಹಿ ಅಕ್ಕಿಮದ್ಯದ ಬದಲು ಸ್ವಲ್ಪ ಬೆಲ್ಲ. ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಸೋಸುವುದು. ಹುರಿದ ಬಂಗುಡೆಗೆ ಇದರಷ್ಟು ಒಪ್ಪುವುದು ಬೇರೊಂದಿಲ್ಲ. ಹುಳಿಗೆ ಯುಜು ಎಂಬ ಜಪಾನೀ ನಿಂಬೆಯೇ ಬೇಕೆಂದು ಜನ ತರಿಸುವ ಪುಟ್ಟ ಬಾಟಲಿಯ ದುಡ್ಡಿನಲ್ಲಿ ನಾಲ್ಕು ದಿನದ ಮೀನು ಬರುತ್ತದೆ. ಬಾಟಲಿ ಬಂದ ಅಂಗಳದಲ್ಲೇ ಹುಳಿ ಬಿಂಬುಳಿ ಗೊಂಚಲು ಗೊಂಚಲಾಗಿ ಉದುರಿ, ಡೆಲಿವರಿ ಹುಡುಗನ ಸ್ಕೂಟರಿನ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗುತ್ತಿರುತ್ತದೆ. ಬಿಂಬುಳಿಯಲ್ಲಿ ಆಕ್ಸಲಿಕ್ ಆಮ್ಲ ಹೆಚ್ಚು. ಆರೋಗ್ಯಕ್ಕೆಂದು ಲೋಟಗಟ್ಟಲೆ ರಸ ಕುಡಿದರೆ ಕಿಡ್ನಿಗೆ ಕುತ್ತು. ನಂಜಿಕೊಳ್ಳುವಷ್ಟು ಮಾತ್ರ ಸಾಕು. ನಂಜಿಕೆಯ ಧರ್ಮವೇ ಅದು.

ಇಲ್ಲಿ ಬಾಟಲಿವಾದಿಗಳಿಗೆ ಉತ್ತರ. ಜಪಾನಿಗರು ತಮ್ಮ ಅಜ್ಜಿಯಂದಿರ ಭರಣಿಯನ್ನು ಪ್ರಯೋಗಾಲಯಕ್ಕೆ ಒಯ್ದರು, ರುಚಿಗೆ ಹೆಸರಿಟ್ಟರು, 2013ರಲ್ಲಿ ಇಡೀ ಊಟದ ಕ್ರಮವನ್ನೇ ಯುನೆಸ್ಕೊ ಪಟ್ಟಿಗೆ ಸೇರಿಸಿದರು. ನಾವು ನಮ್ಮ ಅಜ್ಜಿಯಂದಿರ ಭರಣಿಯನ್ನು ಫ್ಲ್ಯಾಟಿಗೆ ಹೋಗುವಾಗ ಗುಜರಿಗೆ ಕೊಟ್ಟೆವು. ಈಗ ಅದೇ ಭರಣಿಯನ್ನು ಪುರಾತನ ವಸ್ತುವೆಂದು ಕೊಂಡು, ಅದರಲ್ಲಿ ಮನಿ ಪ್ಲಾಂಟ್ ನೆಟ್ಟು, ಪಕ್ಕದಲ್ಲಿ ಕುಳಿತು ಕೋಜಿ ಬೆಳೆಸುವ ವಿಡಿಯೊ ನೋಡುತ್ತೇವೆ. ಎಲ್ಲವೂ ನಮ್ಮಿಂದಲೇ ಹುಟ್ಟಿತು ಎಂಬ ವಾದದ ಒಂದು ದೊಡ್ಡ ಅನುಕೂಲವೆಂದರೆ, ಹಾಗೆ ಸಾಧಿಸಿದ ಮೇಲೆ ನಾವು ಏನನ್ನೂ ಮಾಡಬೇಕಾಗಿಲ್ಲ.

ಫಲಶ್ರುತಿ

ಈ ಭಾಷ್ಯವನ್ನು ನಿತ್ಯ ಪಠಿಸುವವರಿಗೆ ಹಸಿವಾಗುತ್ತದೆ. ಪಠಿಸಿ ಸಾಸಿವೆ ಅರೆದವರಿಗೆ ನೆಗಡಿ ಬಿಡುತ್ತದೆ. ಕೋಜಿ ಬೆಳೆಸಿದವರಿಗೆ ಅತ್ತೆಯ ಮೇಲೆ ಗೌರವ ಹುಟ್ಟುತ್ತದೆ. ಅತ್ತೆಯಾದವರಿಗೆ ಸೊಸೆ ಕಡೆಗೂ ಸರಿದಾರಿಗೆ ಬಂದಳೆಂಬ ಭ್ರಮೆ ಹುಟ್ಟುತ್ತದೆ. ಮಾಸ್‌ಮೀನು ಹೆರೆದವರಿಗೆ ಫ್ಲ್ಯಾಟಿನ ಅಸೋಸಿಯೇಷನ್ನಿನಿಂದ ಪತ್ರ ಬರುತ್ತದೆ. ಕೇವಲ ಓದಿ, ಜಪಾನೆಂದರೆ ಸುರತ್ಕಲ್ಲಿನಿಂದ ಸ್ವಲ್ಪ ಆಚೆ ಎಂದು ವಾದಿಸುವವರಿಗೆ ಭಾಷಣದ ಆಹ್ವಾನಗಳು ಬರುತ್ತವೆ, ಊಟ ಮಾತ್ರ ಕ್ಯಾಟರಿಂಗಿನವರದ್ದೇ.