ನೀವು ಬರ್ಲಿಲ್ವಾ?

ಬಸವನಗುಡಿಯ ರಾಯರಿಗೆ ಸಕ್ಕರೆ ಕಾಯಿಲೆಯಿದೆ, ಮಂಡಿನೋವಿದೆ. ಎರಡಕ್ಕೂ ಅವರು ಹೆದರಿದವರಲ್ಲ. ಅವರ ಎದೆ ಝಲ್ಲೆನ್ನುವುದು ಯಾರಾದರೂ “ನೀವು ಬರ್ಲಿಲ್ವಾ?” ಎಂದು ಕೇಳಿದಾಗ. ಹಾಗೆ ಕೇಳಿದರೆಂದರೆ ಎಲ್ಲೋ ಏನೋ ಸೊಗಸಾಗಿ ನಡೆದುಹೋಗಿದೆ. ಅದಕ್ಕಿಂತ ಘೋರ, ರಾಯರಿಲ್ಲದೆಯೂ ಸೊಗಸಾಗಿ ನಡೆದುಹೋಗಿದೆ.

ಆದ್ದರಿಂದ ಅವರು ಯಾವುದನ್ನೂ ಬಿಡುವುದಿಲ್ಲ. ಕಾರ್ತಿಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆ, ಚಳಿಗಾಲಕ್ಕೆ ಅವರೇಬೇಳೆ ಮೇಳ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಆಗಸ್ಟ್ 15ರ ಹೊತ್ತಿಗೊಮ್ಮೆ, ಜನವರಿ 26ರ ಹೊತ್ತಿಗೊಮ್ಮೆ. ಪರಿಷೆಯಲ್ಲಿ ಒಂದು ಸೇರು ಅಳೆಸಿಕೊಳ್ಳುವಾಗಲೇ ಪಕ್ಕದ ರಾಶಿಯ ಮುಂದೆ ನಾಲ್ಕು ಜನ ಹೆಚ್ಚು ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಸರಿ, ಅಲ್ಲೂ ಒಂದು ಸೇರು. ಯುಗಾದಿಯವರೆಗೂ ಆ ಮನೆಯಲ್ಲಿ ಚಟ್ನಿ ಎಂದರೆ ಕಡಲೆಕಾಯಿಯದೇ.

ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯರಶ್ಮಿ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದಲ್ಲ, ಅದು ಕೆಲವೇ ನಿಮಿಷದ ಸಮಾಚಾರ. ಕೆಲವೇ ನಿಮಿಷ ಎಂಬುದೇ ರಾಯರಿಗೆ ಜ್ವರ ಬರಿಸುತ್ತದೆ. ಮಧ್ಯಾಹ್ನದ ಊಟ ಬಿಟ್ಟು ಹೋಗಿ ನಿಂತರು. ರಶ್ಮಿ ಬಂದ ಗಳಿಗೆಗೆ ಸರಿಯಾಗಿ ಮೊಬೈಲ್ ಎತ್ತಿ ಹಿಡಿದರು. ಮುಂದಿದ್ದವರೂ ಎತ್ತಿ ಹಿಡಿದರು. ರಾಯರ ವಿಡಿಯೋದಲ್ಲಿ ಸೂರ್ಯನಿಲ್ಲ, ಶಿವನಿಲ್ಲ, ಯಾರದೋ ಬೋಳುತಲೆ ಮಾತ್ರ ಬಂಗಾರದಂತೆ ಹೊಳೆಯುತ್ತಿದೆ. ಮನೆಗೆ ಬಂದರೆ ಹೆಂಡತಿ ಟೀವಿ ಮುಂದೆ ಕಾಫಿ ಕುಡಿಯುತ್ತಾ ಕೂತಿದ್ದಾರೆ. “ಎಷ್ಟು ಚೆನ್ನಾಗಿ ಕಾಣಿಸ್ತೂಂದ್ರೆ! ನೀವು ನೋಡ್ಲಿಲ್ವಾ?”

ಮದುವೆಮನೆಯಲ್ಲೂ ಇದೇ ಪಾಡು. ಮೊದಲ ಪಂಕ್ತಿಯಲ್ಲಿ ಕೂತರೆ ಎರಡನೆಯದಕ್ಕೆ ಬಿಸಿ ಹೋಳಿಗೆ ಬರುತ್ತದೇನೋ ಎಂಬ ಚಿಂತೆ. ಎರಡನೆಯದಕ್ಕೆ ಕಾದರೆ ಚಿರೋಟಿ ಮುಗಿಯುತ್ತದೇನೋ ಎಂಬ ಚಿಂತೆ. ಕೈ ತೊಳೆದ ಮೇಲೂ ಊಟದ ಹಾಲಿನ ಬಾಗಿಲಲ್ಲೇ ನಿಂತು ಎಲೆಗಳ ಮೇಲೆ ಕಣ್ಣಾಡಿಸುತ್ತಾರೆ. ಗೊತ್ತಿಲ್ಲದವರು ಇವರನ್ನೇ ಹೆಣ್ಣಿನ ಕಡೆಯ ಹಿರಿಯರೆಂದುಕೊಂಡು “ಊಟ ಬಹಳ ಚೆನ್ನಾಗಿತ್ತು” ಎಂದು ಕೈ ಮುಗಿದು ಹೋಗುವುದುಂಟು. ಆಗ ರಾಯರು ಕೇಳುವುದು ಒಂದೇ: “ಯಾವುದು ಚೆನ್ನಾಗಿತ್ತು?”

ರಾಮನವಮಿ ಬಂತೆಂದರೆ ನನಗೆ ಅವರ ಮೇಲೆ ನಿಜವಾಗಿಯೂ ಕನಿಕರ ಹುಟ್ಟುತ್ತದೆ. ಚಾಮರಾಜಪೇಟೆಯಲ್ಲಿ ರಾಮಸೇವಾ ಮಂಡಳಿಯ ಕಛೇರಿ. ಅದೇ ಸಂಜೆ ಮಲ್ಲೇಶ್ವರದಲ್ಲೂ ಒಂದು. ಇಲ್ಲಿ ವರ್ಣ ಮುಗಿಯುತ್ತಿದ್ದಂತೆ ಅಲ್ಲಿ ಕಲ್ಯಾಣಿ ಶುರುವಾಗಿರಬಹುದೆಂಬ ತಳಮಳ. ಎದ್ದು ಆಟೋ ಹಿಡಿದರು. ಇಳಿದಾಗ ಅಲ್ಲಿ ಮಂಗಳ ಹಾಡುತ್ತಿದ್ದರು. ಎರಡು ಕಛೇರಿಯಿಂದ ರಾಯರ ಪಾಲಿಗೆ ದಕ್ಕಿದ್ದು ಒಂದು ವರ್ಣ, ಒಂದು ಮಂಗಳ, ನಡುವೆ ವಿಸ್ತಾರವಾಗಿ ಮೆಜೆಸ್ಟಿಕ್ಕಿನ ಟ್ರಾಫಿಕ್ಕು. ಕೋಸಂಬರಿ ಎರಡೂ ಕಡೆ ಖಾಲಿ.

2022ರಲ್ಲಿ ಚಂದ್ರದ್ರೋಣ ಬೆಟ್ಟಗಳಲ್ಲಿ ನೀಲಕುರಿಂಜಿ ಅರಳಿದಾಗ ಹೋಗಿ ನೋಡಿಯೇ ಬಂದರು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಹೂವು. ಆದರೆ ಆ ನೀಲಿಯ ನಡುವೆ ನಿಂತು ನೋಡಿದ್ದು ಷಡ್ಡಕರ ವಾಟ್ಸಾಪ್ ಸ್ಟೇಟಸ್ಸು: ಅವರು ಜೋಗದಲ್ಲಿದ್ದರು.

ಮೊನ್ನೆ ಅವರ ಮನೆಯಲ್ಲಿ ತಂದೆಯವರ ತಿಥಿ. ವಡೆ ಅದ್ಭುತವಾಗಿತ್ತು. ಉಂಡು ಅಡಿಕೆ ಹಾಕಿಕೊಳ್ಳುತ್ತಾ ರಾಯರು ಇದ್ದಕ್ಕಿದ್ದಂತೆ ಮಂಕಾದರು.

“ನನ್ನ ತಿಥಿಗೂ ಇವನೇ ಅಡುಗೆಯವನು ಸಿಕ್ತಾನೆ ಅಂತಿಟ್ಕೋ. ಎಲ್ಲರೂ ಉಣ್ತಾರೆ, ನಾನೊಬ್ಬ ಇರಲ್ವಲ್ಲೇ!”

“ಯಾಕೆ ಇರಲ್ಲ? ಕಾಗೆಯಾಗಿ ಎಲ್ಲರಿಗಿಂತ ಮೊದಲೇ ಬರ್ತೀರಲ್ಲ” ಎಂದರು ಹೆಂಡತಿ, ಎಲೆ ಎತ್ತುತ್ತಾ.

ರಾಯರ ಮುಖ ಅರಳಲಿಲ್ಲ. “ಬರ್ತೀನಿ, ಸರಿ. ಆದರೆ ನೀವು ನನಗೆ ಹೊರಗೆ ಪಿಂಡ ಇಟ್ಟು, ಒಳಗೆ ಬಾಗಿಲು ಹಾಕ್ಕೊಂಡು ವಡೆ ತಿಂತೀರಿ.”