ಜಠರ ಮೀಮಾಂಸೆ ಅಥವಾ ಎರಡನೇ ಹೋಳಿಗೆಯ ಗತಿ

ಎಲೆಯ ತುದಿ ಯಾವ ಕಡೆಗಿರಬೇಕು, ಉಪ್ಪನ್ನು ಎಲ್ಲಿ ಬಡಿಸಬೇಕು, ಪಾಯಸ ಮೊದಲೋ ಕೊನೆಯೋ ಎಂಬ ವಿಷಯಗಳಲ್ಲಿ ನಮ್ಮ ಭೋಜನಶಾಸ್ತ್ರಜ್ಞರು ತಲೆತಲಾಂತರದಿಂದ ಜಗಳವಾಡಿದ್ದಾರೆ. ಕೈ ತೊಳೆದ ಮೇಲೆ ಊಟದ ಗತಿಯೇನು ಎಂಬುದನ್ನು ಮಾತ್ರ ಯಾರೂ ಕೆದಕಿಲ್ಲ. ಆ ಹೊತ್ತಿಗೆ ಅವರಿಗೆ ನಿದ್ದೆ ಬಂದಿರುತ್ತದೆ ಎಂದು ಊಹಿಸಬಹುದು. ಈ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ವಿಷಯ: ಮದುವೆ ಮನೆಯಲ್ಲಿ, ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ತೂರಿಬಂದ ಎರಡನೇ ಹೋಳಿಗೆ. ಸಂಶಯ: ಅದನ್ನು ಅರಗಿಸುವವರು ಯಾರು, ಉಂಡವರೋ, ಹೊಟ್ಟೆಯೋ?

ಉಂಡವರೇ ಎಂಬುದು ಪೂರ್ವಪಕ್ಷ. ಇದಕ್ಕೆ ಪ್ರಮಾಣ ಅಗಸ್ತ್ಯರು. ಟಗರಾಗಿ ಹೊಟ್ಟೆ ಸೇರಿದ್ದ ವಾತಾಪಿಯನ್ನು ಅವರು ಹೊಟ್ಟೆ ಸವರಿಕೊಂಡು, ಬರೀ ಆಜ್ಞೆಯಿಂದಲೇ ಜೀರ್ಣಿಸಿಕೊಂಡರು. ಆ ರಕ್ಕಸನ ಹೆಸರಿನ ಊರು ಬಾದಾಮಿಯಾಗಿ ಇಂದಿಗೂ ಇದೆ, ಬೇಕಾದವರು ಹೋಗಿ ನೋಡಬಹುದು. ಇದಕ್ಕೆ ಆಕ್ಷೇಪ: ಆಜ್ಞಾಪಿಸುವ ತಪಶ್ಶಕ್ತಿ ಅಗಸ್ತ್ಯರಿಗಿತ್ತು, ಒಪ್ಪಿದೆವು; ಹುಡುಗಿಯ ಸೋದರಮಾವನಿಗೆ ಎಲ್ಲಿಂದ ಬರಬೇಕು?

ಪುರಾಣ ಬೇಡ, ಕಣ್ಣಾರೆ ಕಂಡದ್ದು ಬೇಕು ಎನ್ನುವವರು ಉತ್ತರ ಅಮೆರಿಕದ ಮ್ಯಾಕಿನಾ ದ್ವೀಪಕ್ಕೆ ಬರಬೇಕು. 1822ರ ಜೂನ್ 6ರಂದು ಅಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತುಪ್ಪಳ ವ್ಯಾಪಾರದ ಆಳಿಗೆ ಆಕಸ್ಮಿಕವಾಗಿ ಗುಂಡೇಟು ಬಿತ್ತು. ಆತ ಬದುಕಿಕೊಂಡ, ಪಕ್ಕೆಯಿಂದ ಜಠರಕ್ಕೆ ತೆರೆದ ಕಿಂಡಿ ಮಾತ್ರ ಮುಚ್ಚಲೇ ಇಲ್ಲ. ಸೇನಾವೈದ್ಯ ವಿಲಿಯಂ ಬ್ಯೂಮಾಂಟ್ ರೇಷ್ಮೆ ದಾರಕ್ಕೆ ಮಾಂಸ, ಬ್ರೆಡ್ಡು, ಹಸಿ ಎಲೆಕೋಸು ಕಟ್ಟಿ ಆ ಕಿಂಡಿಯೊಳಗೆ ಇಳಿಬಿಟ್ಟು, ಆಗಾಗ ಮೇಲೆಳೆದು ಪರೀಕ್ಷಿಸಿದರು. ಗಂಟೆ ಕಳೆಯುವಷ್ಟರಲ್ಲಿ ಕೋಸೂ ಬ್ರೆಡ್ಡೂ ಅರ್ಧ ಕರಗಿದ್ದವು. ಇಷ್ಟಕ್ಕೇ ನಿಲ್ಲಲಿಲ್ಲ. ಜಠರರಸವನ್ನೇ ಹೊರತೆಗೆದು ಸೀಸೆಯಲ್ಲಿ ಬೆಚ್ಚಗಿಟ್ಟರೆ ಅಲ್ಲೂ ಮಾಂಸ ಕರಗಿತು. ಸೀಸೆಗೆ ಸಂಕಲ್ಪವಿಲ್ಲ, ಹರಕೆಯಿಲ್ಲ, ಹಸಿವೂ ಇಲ್ಲ. ಪೂರ್ವಪಕ್ಷ ಇಲ್ಲಿಗೇ ಬಿತ್ತು. 1833ರಲ್ಲಿ ಬ್ಯೂಮಾಂಟ್ ಇದನ್ನೆಲ್ಲ ಪುಸ್ತಕ ಮಾಡಿದರು. ಎರಡು ಬಾರಿ ಹುಟ್ಟೂರ ಕಡೆಗೆ ಹೋಗಿಬಂದ ಸೇಂಟ್ ಮಾರ್ಟಿನ್ ಕೊನೆಗೊಮ್ಮೆ ಹೋದವನು ತಿರುಗಿ ಬರಲಿಲ್ಲ. ಆತನನ್ನು ಯಾರು ದೂರಲಾದೀತು?

ಈಗ ಹೋಳಿಗೆಗೆ ಬರೋಣ. ಅದು ಎಲೆಗೆ ಬೀಳುವ ಮೊದಲೇ, ಅಡುಗೆಮನೆಯ ತುಪ್ಪದ ಘಮ ಮೂಗಿಗೆ ತಾಗಿದ ಕೂಡಲೇ, ವೇಗಸ್ ನರ ಜಠರಕ್ಕೆ ಸುದ್ದಿ ಮುಟ್ಟಿಸುತ್ತದೆ. ನಾಯಿಗಳ ಮೇಲೆ ಇದನ್ನು ತೋರಿಸಿಕೊಟ್ಟ ಪಾವ್ಲೋವ್ 1904ರಲ್ಲಿ ನೊಬೆಲ್ ಪಡೆದರು. ಹೀಗಾಗಿ ‘ನನಗೇನೂ ಹಸಿವಿಲ್ಲ, ಸುಮ್ಮನೆ ಕೂತೆ’ ಎನ್ನುವ ಅತಿಥಿಯ ಮಾತು ಆತನ ಹೊಟ್ಟೆಯ ಮುಂದೆಯೇ ನಿಲ್ಲುವುದಿಲ್ಲ. ನರದ ಸುದ್ದಿಯ ಜೊತೆಗೆ ಗ್ಯಾಸ್ಟ್ರಿನ್, ಹಿಸ್ಟಮಿನ್ ಎಂಬ ಇನ್ನಿಬ್ಬರ ಒತ್ತಾಯವೂ ಸೇರಿದಾಗ ಜಠರದ ಗೋಡೆಯ ಕೋಶಗಳು ಪೊಟ್ಯಾಸಿಯಂ ಒಳಗೆಳೆದುಕೊಂಡು ಹೈಡ್ರೋಜನ್ ಹೊರದೂಡುತ್ತವೆ. ಹುಟ್ಟುವುದು ಹೈಡ್ರೋಕ್ಲೋರಿಕ್ ಆಮ್ಲ. ದಿನಕ್ಕೆ ಹೆಚ್ಚುಕಡಿಮೆ 2 ಲೀಟರ್ ಜಠರರಸ. ಅದರ ಹುಳಿಯ ಮುಂದೆ ನಮ್ಮ ಹುಣಸೆಹುಳಿ ಮಗು. ಒಳಗೋಡೆಗೆ ಲೋಳೆ ಬಳಿದಿರದಿದ್ದರೆ ಹೊಟ್ಟೆ ಹೋಳಿಗೆಯನ್ನು ಬಿಟ್ಟು ತನ್ನನ್ನೇ ಉಣ್ಣುತ್ತಿತ್ತು.

ಬರಿದಾದ ಜಠರದಲ್ಲಿ ಕೆಲವೇ ಚಮಚ ಹಿಡಿಯುವಷ್ಟು ಜಾಗ. ತುತ್ತು ಇಳಿಯುತ್ತಿದ್ದಂತೆ ಅದರ ಮೇಲ್ಭಾಗ ಸಡಿಲಗೊಂಡು ಲೀಟರಿಗೂ ಮಿಕ್ಕಿ ಹಿಗ್ಗುತ್ತದೆ. ‘ಇನ್ನೊಂದು ಹಿಡಿಸುತ್ತದೆ ಬಿಡಿ’ ಎನ್ನುವ ಬೀಗರು ಈ ಶಾಸ್ತ್ರವನ್ನು ಓದದೆಯೇ ಬಲ್ಲರು. ಆಮೇಲೆ ನಿಮಿಷಕ್ಕೆ ಮೂರರ ಲೆಕ್ಕದಲ್ಲಿ ಅಲೆಗಳು ಕೆಳಮುಖವಾಗಿ ಸಾಗಿ ಉಂಡದ್ದನ್ನು ಹೊಸೆಯುತ್ತವೆ. ಕೊನೆಯಲ್ಲಿ ಪೈಲೋರಸ್ ಎಂಬ ಜರಡಿ. ಒಂದೆರಡು ಮಿಲಿಮೀಟರಿಗಿಂತ ದಪ್ಪಗಿದ್ದ ಚೂರು ಬಂದರೆ ಅದು ಮುಚ್ಚಿಕೊಳ್ಳುತ್ತದೆ, ಚೂರು ಹಿಂದಕ್ಕೆ ಚಿಮ್ಮಿ ಮತ್ತೆ ಅರೆಯಿಸಿಕೊಳ್ಳುತ್ತದೆ. ಚಿತ್ರಾನ್ನದ ಕಡಲೆಬೀಜವನ್ನು ಅಗಿಯದೆ ನುಂಗಿದವರು ಈ ಅಲೆದಾಟಕ್ಕೆ ತಾವೇ ಹೊಣೆ. ಇನ್ನು ತುಪ್ಪ: ಸಣ್ಣ ಕರುಳಿಗೆ ಕೊಬ್ಬು ತಲುಪಿತೋ, ಅಲ್ಲಿಂದ ‘ಸ್ವಲ್ಪ ತಡೆ’ ಎಂಬ ರಾಸಾಯನಿಕ ಸಂದೇಶ ಮೇಲಕ್ಕೆ ಬರುತ್ತದೆ. ಸಂಜೆಯಾದರೂ ಉಂಡದ್ದು ಎದೆಯಲ್ಲೇ ಕೂತಿದೆ ಎಂಬ ದೂರಿಗೆ ಮೂಲ ಇದೇ, ಅಡಿಗೆಭಟ್ಟರ ಕೈಗುಣವಲ್ಲ.

ಹೊಟ್ಟೆ ಬರಿದಾದಾಗಲೂ ಅದು ಸುಮ್ಮನಿರುವುದಿಲ್ಲ. ಒಂದೂವರೆ ಎರಡು ಗಂಟೆಗೊಮ್ಮೆ ಜೋರಾದ ಅಲೆಯೊಂದು ಅಳಿದುಳಿದದ್ದನ್ನು ಕರುಳಿಗೆ ಗುಡಿಸಿಹಾಕುತ್ತದೆ. ಧಾರೆಯ ತನಕ ಉಪವಾಸವಿರುವ ಹುಡುಗಿಯ ಅಪ್ಪನ ಹೊಟ್ಟೆ ಗುಡುಗುವುದು ಹೀಗೆ. ಅದು ಕೇಳಿಸದಿರಲೆಂದೇ ಗಟ್ಟಿಮೇಳ ಹುಟ್ಟಿತು ಎಂಬ ಒಂದು ಮತವುಂಟು. ಅದನ್ನು ಪ್ರಕ್ಷಿಪ್ತವೆಂದು ಬಿಡಬಹುದು.

ನಿರ್ಣಯ: ಉಂಡವರ ಅಧಿಕಾರ ಗಂಟಲಿಗೇ ಮುಗಿಯುತ್ತದೆ. ಗಂಟಲ ಮೇಲಿನದಕ್ಕೆ ಮಾತ್ರ ವಿಧಿನಿಷೇಧ ಹೇಳಲು ಸಾಧ್ಯ: ಅಗಿದು ತಿನ್ನಿ, ಉಂಡ ಕೂಡಲೇ ಚಾಪೆ ಹುಡುಕಬೇಡಿ. ಮಲಗಲೇಬೇಕಾದರೆ ಎಡಮಗ್ಗುಲಿಗೆ ಮಲಗಿ. ಆಗ ಜಠರದ ಉಬ್ಬು ಅನ್ನನಾಳದ ಬಾಯಿಗಿಂತ ಕೆಳಗಿದ್ದು ಆಮ್ಲ ಮೇಲೇರುವುದು ಕಡಿಮೆ. ಎಡಮಗ್ಗುಲಲ್ಲಿ ಏಳಬಾರದೆಂದು ಹಿರಿಯರು ಹೇಳಿದ್ದಾರೆ ನಿಜ, ಮಲಗಬಾರದೆಂದು ಹೇಳಿಲ್ಲ.